ಕಾವಲುಗಾರ ಯಾರ ನೌಕರ?

(ಹೂವಿನ ಹಡಗಲಿಯಲ್ಲಿ ನಡೆದ ವಿಚಾರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಮ್ಯುನಿಸ್ಟ್ ಆಡಳಿತ ಕುಸಿದ ನಾಡುಗಳಲ್ಲಿ ಆಡಳಿತ, ನಾಗರಿಕ ಸುರಕ್ಷೆ ಮತ್ತು ನಗರಗಳ ಪರಿವರ್ತನೆ ಎಂಬ ವಿಷಯವನ್ನು ನಮಗೆ ವಹಿಸಲಾಗಿದೆ. ತುಂಗಭದ್ರೆಯ ದಡದ ಈ ತಾಲೂಕಿನಲ್ಲಿ ಕುಳಿತು ರುಮೇನಿಯ, ಜಾರ್ಜಿಯಗಳ ಕತೆ ಕೇಳಿ ಆಗಬೇಕಾದ್ದೇನು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ನಮ್ಮ ಉತ್ತರವಿಷ್ಟು: 1991ರ ಜುಲೈಯಲ್ಲಿ ನಮ್ಮ ದೇಶ ಯೋಜಿತ ಆರ್ಥಿಕತೆಯ ಬಾಗಿಲನ್ನು ಮಾರುಕಟ್ಟೆಗೆ ತೆರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ಇಲ್ಲವಾಯಿತು. ಅವರದು ಕುಸಿತ, ನಮ್ಮದು ತಿರುವು. ಎರಡನ್ನೂ ಒಂದೇ ಎನ್ನಲಾಗದು. ನಮ್ಮಲ್ಲಿ ಚುನಾವಣೆಗಳಿದ್ದವು, ನ್ಯಾಯಾಲಯಗಳಿದ್ದವು, ಪತ್ರಿಕೆಗಳಿದ್ದವು. ಆದರೂ ಸರಕಾರದ ಕೈಯಲ್ಲಿದ್ದ ಸಂಪತ್ತು ಖಾಸಗಿಯವರ ಕೈಗೆ ದಾಟುವ ಹೊತ್ತಿನಲ್ಲಿ ಅಲ್ಲಿ ಏನಾಯಿತೋ ಅದರ ನೆರಳು ಇಲ್ಲಿಯೂ ಬಿದ್ದಿದೆ. ನಮ್ಮ ಬಳ್ಳಾರಿ ಸೀಮೆಯಲ್ಲಂತೂ ಅದು ದಟ್ಟವಾಗಿಯೇ ಬಿದ್ದಿದೆ.

ಈ ಪರಿವರ್ತನೆಯ ಕುರಿತು ನಡೆಯುವ ಚರ್ಚೆಗಳೆಲ್ಲ ಸಾಮಾನ್ಯವಾಗಿ ಒಡೆತನದ ಸುತ್ತಲೇ ತಿರುಗುತ್ತವೆ. ಕಾರ್ಖಾನೆ ಸರಕಾರದ್ದಾಗಿರಬೇಕೋ ಖಾಸಗಿಯದೋ, ಗಣಿ ಯಾರದು, ನೆಲ ಯಾರದು ಎಂದೆಲ್ಲ. ಇವು ಅಗತ್ಯವಾದ ಪ್ರಶ್ನೆಗಳೇ. ಆದರೆ ಒಡೆಯ ಯಾರೇ ಇರಲಿ, ಅಲ್ಲೊಬ್ಬ ಕಾವಲುಗಾರನಿರುತ್ತಾನೆ. ಕಟ್ಟಡಕ್ಕೆ ಪರವಾನಿಗೆ ನೀಡುವ ಅಧಿಕಾರಿ, ಠಾಣೆಯ ಪೊಲೀಸ್, ಚೆಕ್‌ಪೋಸ್ಟಿನ ಅರಣ್ಯ ಸಿಬ್ಬಂದಿ, ಅಣೆಕಟ್ಟೆಯ ಗೇಟಿನ ಸರಪಳಿಯನ್ನು ಪರೀಕ್ಷಿಸುವ ಇಂಜಿನಿಯರ್ ಇವರೆಲ್ಲ ಕಾವಲುಗಾರರೇ. ವ್ಯವಸ್ಥೆ ಬದಲಾದಾಗ ಈ ಕಾವಲುಗಾರ ಯಾರಿಗೆ ಉತ್ತರಿಸಬೇಕಾದವನಾದ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಜನರ ಪ್ರಾಣ ನಿಂತಿರುವುದು ಮಾತ್ರ ಅದರ ಮೇಲೆಯೇ.

ರುಮೇನಿಯದ ರಾಜಧಾನಿ ಬುಖಾರೆಸ್ಟಿನಲ್ಲಿ 2015ರ ಅಕ್ಟೋಬರ್ 30ರ ರಾತ್ರಿ 'ಕೊಲೆಕ್ಟಿವ್' ಎಂಬ ಸಂಗೀತ ಕ್ಲಬ್ಬಿನಲ್ಲಿ ಬೆಂಕಿ ಹೊತ್ತಿಕೊಂಡಿತು. ಕಾರ್ಯಕ್ರಮದ ನಡುವೆ ಹಚ್ಚಿದ ಬಾಣಬಿರುಸಿನ ಕಿಡಿ, ಸದ್ದು ತಡೆಯಲೆಂದು ಹಾಕಿದ್ದ ಅಗ್ಗದ ಫೋಮಿಗೆ ತಗುಲಿತು. ಒಟ್ಟು 64 ಮಂದಿ ಸತ್ತರು. ಕ್ಲಬ್ಬಿಗೆ ಅಗ್ನಿಶಾಮಕ ಇಲಾಖೆಯ ಅನುಮತಿಯೇ ಇರಲಿಲ್ಲ, ಸ್ಥಳೀಯ ಆಡಳಿತ ಮಾತ್ರ ಅದನ್ನು ನಡೆಸಲು ಪರವಾನಿಗೆ ಕೊಟ್ಟಿತ್ತು. 'ಭ್ರಷ್ಟಾಚಾರ ಕೊಲ್ಲುತ್ತದೆ' ಎಂಬ ಘೋಷಣೆಯೊಂದಿಗೆ ಜನ ಬೀದಿಗಿಳಿದರು. ಕೆಲವೇ ದಿನಗಳಲ್ಲಿ ಪ್ರಧಾನಿ ವಿಕ್ಟರ್ ಪೊಂಟಾ ರಾಜೀನಾಮೆ ಕೊಟ್ಟರು.

ದುರಂತ ಅಲ್ಲಿಗೆ ಮುಗಿಯಲಿಲ್ಲ. ಬೆಂಕಿಯಿಂದ ಬದುಕಿ ಆಸ್ಪತ್ರೆ ಸೇರಿದವರಲ್ಲಿ ಹಲವರು ಆಸ್ಪತ್ರೆಯ ಸೋಂಕಿನಿಂದ ಸತ್ತರು. ಅಲ್ಲಿನ ಆಸ್ಪತ್ರೆಗಳಿಗೆ ಪೂರೈಕೆಯಾಗುತ್ತಿದ್ದ ಸೋಂಕುನಾಶಕ ದ್ರಾವಣಕ್ಕೆ ಭಾರೀ ಪ್ರಮಾಣದಲ್ಲಿ ನೀರು ಬೆರೆಸಲಾಗಿದೆ ಎಂಬುದು 2016ರಲ್ಲಿ ಬಯಲಾಯಿತು. ಅದನ್ನು ಬಯಲಿಗೆಳೆದದ್ದು ಸರಕಾರದ ಯಾವುದೇ ತನಿಖಾ ಸಂಸ್ಥೆಯಲ್ಲ, ಒಂದು ಕ್ರೀಡಾ ಪತ್ರಿಕೆ. ಫುಟ್ಬಾಲಿನ ಸುದ್ದಿ ಬರೆಯುತ್ತಿದ್ದ ಕಟಾಲಿನ್ ತೊಲೊಂತಾನ್ ಮತ್ತು ಅವರ ಸಂಗಡಿಗರು. ನಮ್ಮ ವೃತ್ತಿಯವರಿಗೆ ಇದರಲ್ಲಿ ಹೆಮ್ಮೆಯೂ ಇದೆ, ನಾಚಿಕೆಯೂ ಇದೆ. ಉಳಿದ ದೊಡ್ಡ ದೊಡ್ಡ ಪತ್ರಿಕೆಗಳು ಆಗ ಏನು ಮಾಡುತ್ತಿದ್ದವು?

ಸರ್ಬಿಯದ ನೋವಿ ಸಾದ್ ನಗರದ್ದೂ ಇದೇ ಜಾತಿಯ ಘಟನೆ. ಆಗಷ್ಟೇ ನವೀಕರಣಗೊಂಡಿದ್ದ ರೈಲು ನಿಲ್ದಾಣದ ಕಾಂಕ್ರೀಟ್ ಚಾವಣಿ 2024ರ ನವೆಂಬರ್ 1ರಂದು ಕುಸಿದು 16 ಮಂದಿ ಪ್ರಾಣ ಕಳಕೊಂಡರು. ವಿದ್ಯಾರ್ಥಿಗಳು ಆರಂಭಿಸಿದ ಚಳವಳಿ ಪ್ರಧಾನಿಯ ರಾಜೀನಾಮೆಯ ತನಕ ಹೋಯಿತು. ವಿದ್ಯಾರ್ಥಿಗಳ ಮೊದಲ ಬೇಡಿಕೆ ಬಹಳ ಸರಳವಾಗಿತ್ತು: ನವೀಕರಣದ ಕಾಗದ ಪತ್ರಗಳನ್ನೆಲ್ಲ ಪ್ರಕಟಿಸಿ. ಇದನ್ನು ನೆನಪಿಟ್ಟುಕೊಳ್ಳಬೇಕೆಂದು ವಿನಂತಿ, ಕೊನೆಯಲ್ಲಿ ಇದರ ಕೆಲಸವಿದೆ.

ಇನ್ನು ರಶ್ಯ. ತೊಂಬತ್ತರ ದಶಕದಲ್ಲಿ ಅಲ್ಲಿ 'ಕ್ರಿಶಾ' ಎಂಬ ಪದ ಪ್ರತಿಯೊಬ್ಬ ಅಂಗಡಿಕಾರನ ಬಾಯಲ್ಲಿತ್ತು. ಅದರ ಅರ್ಥ ಚಾವಣಿ, ಸೂರು. ಪೊಲೀಸರಿಂದ ರಕ್ಷಣೆ ಸಿಗದು, ನ್ಯಾಯಾಲಯದಿಂದ ಸಾಲ ವಸೂಲಾಗದು. ಆದ್ದರಿಂದ ವ್ಯಾಪಾರಿ ಒಂದು ಗೂಂಡಾ ಪಡೆಗೆ ಮಾಮೂಲು ಕೊಟ್ಟು ಅದರ 'ಸೂರಿನಡಿ' ಸೇರಿಕೊಳ್ಳುತ್ತಿದ್ದ. ವಾದಿಮ್ ವೋಲ್ಕೊವ್ ಎಂಬ ಸಮಾಜಶಾಸ್ತ್ರಜ್ಞರು ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಸ್ವಾರಸ್ಯವೆಂದರೆ ಮುಂದೆ ಗೂಂಡಾಗಳ ಪ್ರಭಾವ ಕುಗ್ಗಿತು, ಸೂರು ಮಾತ್ರ ಉಳಿಯಿತು. ಗೂಂಡಾಗಳ ಜಾಗದಲ್ಲಿ ಪೊಲೀಸ್ ಮತ್ತು ಗುಪ್ತಚರ ಇಲಾಖೆಯ ಅಧಿಕಾರಿಗಳು ಬಂದು ಕುಳಿತರು. 2011ರಲ್ಲಿ ರಶ್ಯ ತನ್ನ ಪೊಲೀಸ್ ಪಡೆಯ ಹೆಸರನ್ನು 'ಮಿಲಿತ್ಸಿಯಾ'ದಿಂದ 'ಪೊಲಿತ್ಸಿಯಾ' ಎಂದು ಬದಲಿಸಿತು. ಹೆಸರು ಬದಲಿಸುವುದು ಸುಲಭ. ಅದರಲ್ಲಿ ನಮ್ಮವರೂ ಯಾರಿಗೂ ಕಡಿಮೆಯೇನಲ್ಲ.

ಹಾಗಾದರೆ ಸುಧಾರಣೆ ಎಲ್ಲಿಯೂ ಆಗಲಿಲ್ಲವೇ? ಆಯಿತು. ಅದರ ಅತ್ಯಂತ ಪ್ರಸಿದ್ಧ ಉದಾಹರಣೆ ಜಾರ್ಜಿಯ. ಇದನ್ನು ತುಸು ವಿವರವಾಗಿ ನೋಡಬೇಕು. ಏಕೆಂದರೆ ನಮ್ಮಲ್ಲಿ ಬಹಳ ಮಂದಿಗೆ ಈ ಮಾದರಿ ತಕ್ಷಣ ಇಷ್ಟವಾಗುತ್ತದೆ.

2003ರ ನವೆಂಬರಿನ ಜನಾಂದೋಲನದ ಬಳಿಕ ಮಿಖೇಲ್ ಸಾಕಶ್ವಿಲಿ ಅಧ್ಯಕ್ಷರಾದರು. ಆ ದೇಶದ ಸಂಚಾರ ಪೊಲೀಸರು ಎಷ್ಟು ಭ್ರಷ್ಟರಾಗಿದ್ದರೆಂದರೆ ವಾಹನ ನಿಲ್ಲಿಸಿ ಹಣ ಕೀಳುವುದೇ ಅವರ ನಿಜವಾದ ಸಂಬಳವಾಗಿತ್ತು. 2004ರಲ್ಲಿ ಸಾಕಶ್ವಿಲಿ ಸರಕಾರ ಇಡೀ ಸಂಚಾರ ಪೊಲೀಸ್ ವಿಭಾಗವನ್ನೇ ವಜಾಗೊಳಿಸಿತು. ಒಬ್ಬಿಬ್ಬರನ್ನಲ್ಲ, ಸಾವಿರಾರು ಮಂದಿಯನ್ನು. ಹೊಸ ಗಸ್ತು ಪಡೆ ಸಿದ್ಧವಾಗುವ ತನಕ ರಸ್ತೆಗಳಲ್ಲಿ ಸಂಚಾರ ಪೊಲೀಸರೇ ಇರಲಿಲ್ಲ. ಹೊಸಬರನ್ನು ಪರೀಕ್ಷೆಯ ಮೂಲಕ ಆರಿಸಲಾಯಿತು, ಸಂಬಳವನ್ನು ಹಲವು ಪಟ್ಟು ಹೆಚ್ಚಿಸಲಾಯಿತು. ಒಳಗೆ ನಡೆಯುವುದೆಲ್ಲ ಹೊರಗಿನವರಿಗೆ ಕಾಣಲೆಂದು ಗಾಜಿನ ಗೋಡೆಗಳ ಪೊಲೀಸ್ ಠಾಣೆಗಳನ್ನು ಕಟ್ಟಲಾಯಿತು. ರಸ್ತೆಯ ಲಂಚ ಬಹುಮಟ್ಟಿಗೆ ನಿಂತಿತು. ಇದು ಸಣ್ಣ ಸಾಧನೆಯಲ್ಲ. ಜಗತ್ತಿನ ಅನೇಕ ಸರಕಾರಗಳು ಇದನ್ನು ನೋಡಲು ನಿಯೋಗಗಳನ್ನು ಕಳುಹಿಸಿದವು.

ಆದರೆ ಗಾಜಿನ ಗೋಡೆ ಠಾಣೆಗಿತ್ತು, ಸೆರೆಮನೆಗಿರಲಿಲ್ಲ. 2006ರ ಜನವರಿಯಲ್ಲಿ ಸಾಂದ್ರೋ ಗಿರ್ಗ್‌ವ್ಲಿಯಾನಿ ಎಂಬ ಯುವ ಬ್ಯಾಂಕ್ ಉದ್ಯೋಗಿ ರಾಜಧಾನಿ ತ್ಬಿಲಿಸಿಯ ಕೆಫೆಯೊಂದರಲ್ಲಿ ಒಳಾಡಳಿತ ಇಲಾಖೆಯ ಅಧಿಕಾರಿಗಳ ಕೂಟದೊಂದಿಗೆ ಮಾತಿಗೆ ಮಾತು ಬೆಳೆಸಿದ. ಮರುದಿನ ಅವನ ಶವ ಸಿಕ್ಕಿತು. ಹೊಡೆದವರು ಅದೇ ಇಲಾಖೆಯ ಸಿಬ್ಬಂದಿ. ಮೇಲಿನವರ ಪಾತ್ರದ ತನಿಖೆ ಆಗ ಸರಿಯಾಗಿ ನಡೆಯಲಿಲ್ಲ. 2011ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಈ ತನಿಖೆಯನ್ನು ಕಟು ಮಾತುಗಳಲ್ಲಿ ಖಂಡಿಸಿತು. 2012ರ ಸೆಪ್ಟೆಂಬರಿನಲ್ಲಿ ಸೆರೆಮನೆಯೊಳಗೆ ಕೈದಿಗಳಿಗೆ ನೀಡುತ್ತಿದ್ದ ಅಮಾನುಷ ಹಿಂಸೆಯ ದೃಶ್ಯಗಳು ಟಿವಿಯಲ್ಲಿ ಪ್ರಸಾರವಾದವು. ಅಕ್ಟೋಬರಿನ ಚುನಾವಣೆಯಲ್ಲಿ ಸಾಕಶ್ವಿಲಿ ಪಕ್ಷ ಸೋತಿತು. ಅಲ್ಲಿನ ಪೊಲೀಸ್ ಲಂಚ ಮುಟ್ಟುತ್ತಿರಲಿಲ್ಲ ನಿಜ. ಆದರೆ ಅವನು ಒಬ್ಬ ನಾಯಕನ ಪೊಲೀಸಾಗಿದ್ದ. ಜನರ ಪೊಲೀಸ್ ಆಗಿರಲಿಲ್ಲ. 'ನಮಗೊಬ್ಬ ಗಟ್ಟಿ ಮನುಷ್ಯ ಬೇಕು, ಎಲ್ಲ ಸರಿಹೋಗುತ್ತದೆ' ಎನ್ನುವ ನಮ್ಮ ಯುವಕರು ಇದನ್ನು ಗಮನಿಸಬೇಕು.

ಈಗ ನಮ್ಮ ಸೀಮೆಗೆ ಬರೋಣ. 2003ರಲ್ಲಿ ರಾಜ್ಯ ಸರಕಾರ ಮೀಸಲಿಟ್ಟಿದ್ದ ವಿಶಾಲ ಗಣಿ ಪ್ರದೇಶವನ್ನು ಖಾಸಗಿಯವರಿಗೆ ತೆರೆಯಿತು. ಅದೇ ಸಮಯಕ್ಕೆ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿತು. ರಶ್ಯದಲ್ಲಿ ತೈಲ ಮತ್ತು ನಿಕ್ಕಲ್ ಏನು ಮಾಡಿದವೋ ಸಂಡೂರು ಹೊಸಪೇಟೆಗಳಲ್ಲಿ ಕಬ್ಬಿಣದ ಅದಿರು ಅದನ್ನೇ ಮಾಡಿತು. 'ಬಳ್ಳಾರಿ ಗಣರಾಜ್ಯ' ಎಂಬ ಮಾತು ಆಗ ಹುಟ್ಟಿದ್ದು ಸುಮ್ಮನೆ ಅಲ್ಲ. ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2011ರ ಜುಲೈ ವರದಿ, 2006ರಿಂದ 2010ರ ಅವಧಿಯ ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಡಬೇಕಾಯಿತು. ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು.

ಈ ಕತೆಯಲ್ಲಿ ನಮ್ಮ ಗಮನ ಸೆಳೆಯುವ ಪಾತ್ರ ಗಣಿ ಧಣಿಗಳದಲ್ಲ, ಕಾರವಾರದ ಅರಣ್ಯಾಧಿಕಾರಿ ಆರ್. ಗೋಕುಲ್ ಅವರದು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಅಕ್ರಮ ಅದಿರಿನ ರಾಶಿಯನ್ನು ಮುಟ್ಟುಗೋಲು ಹಾಕಿಕೊಂಡದ್ದು ಅವರು. ಮುಟ್ಟುಗೋಲಾದ ಅದಿರಿನಲ್ಲಿ ಲಕ್ಷಾಂತರ ಟನ್ ಮಾಯವಾಗಿ ಹಡಗೇರಿತು. ಅಮಾನತಾದದ್ದು ಮಾತ್ರ ಗೋಕುಲ್! ಆ ಅಮಾನತನ್ನು ಪ್ರತಿಭಟಿಸಿ 2010ರ ಜೂನಿನಲ್ಲಿ ಸ್ವತಃ ಲೋಕಾಯುಕ್ತರೇ ರಾಜೀನಾಮೆ ಕೊಟ್ಟರು. ಮುಂದೆ ಅದನ್ನು ಹಿಂಪಡೆದರು. ರಾಜ್ಯದ ಅತಿ ದೊಡ್ಡ ಕಾವಲುಗಾರ ಒಬ್ಬ ಜಿಲ್ಲಾ ಮಟ್ಟದ ಕಾವಲುಗಾರನಿಗಾಗಿ ಹುದ್ದೆ ಬಿಡಲು ಸಿದ್ಧರಾದ ಪ್ರಸಂಗ ನಮ್ಮ ಇತಿಹಾಸದಲ್ಲಿ ಅಪರೂಪ.

ಅದು ಬಿಜೆಪಿ ಸರಕಾರದ ಕಾಲ. ಕಾಂಗ್ರೆಸ್ ಬಂದ ಮೇಲೆ? ಕೂಡ್ಲಿಗಿಯನ್ನು ನೆನಪಿಸಿಕೊಳ್ಳಿ. 2016ರ ಜನವರಿಯಲ್ಲಿ ಕೂಡ್ಲಿಗಿಯ ಡಿವೈಎಸ್‌ಪಿ ಅನುಪಮಾ ಶೆಣೈ ಅವರನ್ನು ವಿಜಯಪುರ ಜಿಲ್ಲೆಯ ಇಂಡಿಗೆ ವರ್ಗಾಯಿಸಲಾಯಿತು. ಅವರು ಮಾಡಿದ್ದ 'ಅಪರಾಧ'ವೆಂದರೆ ಸಚಿವರೊಬ್ಬರ ದೂರವಾಣಿ ಕರೆಯನ್ನು ಕಾಯಿಸಿದ್ದು. ಹೀಗೆಂದು ಅವರ ವಿರೋಧಿಗಳು ಹೇಳಿದ್ದಲ್ಲ. ಆಗಿನ ಕಾರ್ಮಿಕ ಸಚಿವ ಪಿ.ಟಿ. ಪರಮೇಶ್ವರ ನಾಯ್ಕ್ ಅವರೇ ಹಾಗೆ ಹೇಳಿಕೊಂಡ ದೃಶ್ಯ ವಾಹಿನಿಗಳಲ್ಲಿ ಪ್ರಸಾರವಾಯಿತು. ಅವರು ಆಗ ಇದೇ ಹಡಗಲಿ ಕ್ಷೇತ್ರದ ಶಾಸಕರು. ಈ ಊರಿನಲ್ಲಿ ನಿಂತು ಇದನ್ನು ಹೇಳುವುದು ಕೆಲವರಿಗೆ ಇರಿಸುಮುರಿಸಾಗಬಹುದು. ಆದರೆ ಇಲ್ಲಿ ಹೇಳದೆ ಬೆಂಗಳೂರಿನಲ್ಲಿ ಹೇಳಿ ಪ್ರಯೋಜನವಿಲ್ಲ.

ಜನ ಪ್ರತಿಭಟಿಸಿದರು. ವರ್ಗಾವಣೆ ರದ್ದಾಯಿತು, ಅಧಿಕಾರಿ ಕೂಡ್ಲಿಗಿಗೆ ಮರಳಿದರು. ಆದರೆ ಅದೇ ಜೂನಿನಲ್ಲಿ ಅಂಬೇಡ್ಕರ್ ಭವನದ ಬಳಿಯ ಮದ್ಯದಂಗಡಿಯೊಂದರ ವಿವಾದದ ನಡುವೆ ಅವರು ಕೆಲಸಕ್ಕೇ ರಾಜೀನಾಮೆ ಕೊಟ್ಟರು. ಅದೇ ತಿಂಗಳ ಸಂಪುಟ ಪುನಾರಚನೆಯಲ್ಲಿ ಸಚಿವರೂ ಹೊರಬಿದ್ದರು, 2018ರ ಕೊನೆಗೆ ಮತ್ತೆ ಸಚಿವರಾದರು. ರಾಜೀನಾಮೆಯ ಬಳಿಕ ಆ ಅಧಿಕಾರಿ ಹಿಡಿದ ರಾಜಕೀಯ ಹಾದಿಯ ಕುರಿತು, ಆಡಿದ ಮಾತುಗಳ ಕುರಿತು ನಮಗೆ ಭಿನ್ನಾಭಿಪ್ರಾಯವಿರಬಹುದು. ಅದು ಬೇರೆಯೇ ವಿಷಯ. ಕರೆ ಕಾಯಿಸಿದ್ದಕ್ಕೆ ವರ್ಗಾವಣೆ ಎಂದಾದರೆ ಆ ಠಾಣೆಯ ಪ್ರತಿಯೊಬ್ಬ ಪೇದೆಗೂ ತಲುಪುವ ಸಂದೇಶವೇನು? ಮದ್ಯದಂಗಡಿಯ ವಿರುದ್ಧ ದೂರು ಹಿಡಿದು ಬರುವ ದಲಿತ ಕೇರಿಯ ಹೆಣ್ಣುಮಗಳಿಗೆ, ಜಗಳದಲ್ಲಿ ಏಟು ತಿಂದು ಬರುವ ಹಮಾಲಿಗೆ, ಯಾರ ಶಿಫಾರಸೂ ಇಲ್ಲದ ಮುಸ್ಲಿಮ್ ತಳ್ಳುಗಾಡಿಯವನಿಗೆ ಅಲ್ಲಿ ಸಿಗುವ ಉತ್ತರವೇನು?

2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೇ ಮದ್ದು ಬರೆದುಕೊಟ್ಟಿತ್ತು. ಪ್ರಮುಖ ಹುದ್ದೆಗಳಲ್ಲಿರುವ ಅಧಿಕಾರಿಗಳಿಗೆ ಕನಿಷ್ಠ ಎರಡು ವರ್ಷಗಳ ಅವಧಿ, ಡಿವೈಎಸ್‌ಪಿ ಮಟ್ಟದವರೆಗಿನ ವರ್ಗಾವಣೆಗೆ ಪೊಲೀಸ್ ಅಧಿಕಾರಿಗಳದೇ ಮಂಡಳಿ, ಪೊಲೀಸರ ವಿರುದ್ಧದ ದೂರುಗಳಿಗೆ ಪ್ರತ್ಯೇಕ ಪ್ರಾಧಿಕಾರ. ಕರ್ನಾಟಕವೂ 2012ರಲ್ಲಿ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಅಂದರೆ ಕೂಡ್ಲಿಗಿಯ ಘಟನೆ ನಡೆದದ್ದು ಕಾನೂನು ಇಲ್ಲದ ಕಾಲದಲ್ಲಲ್ಲ.

ಇದು ಹೊಸ ರೋಗವೆಂದು ಭಾವಿಸಬೇಡಿ. ಇಸ್ಲಾಮೀ ನಗರಗಳಲ್ಲಿ 'ಮುಹ್ತಸಿಬ್' ಎಂಬ ಅಧಿಕಾರಿ ಇದ್ದ. ತೂಕ ಅಳತೆಗಳನ್ನು ಪರೀಕ್ಷಿಸುವುದು, ದೋಣಿಗೆ ಮಿತಿಮೀರಿ ಜನ ತುಂಬದಂತೆ ತಡೆಯುವುದು, ಬೀಳುವಂತಿರುವ ಗೋಡೆಯನ್ನು ಕೆಡವಿಸುವುದು ಅವನ ಕೆಲಸ. ಮದ್ರಸಗಳಲ್ಲಿ ನಾವು ಇದನ್ನು ಅಭಿಮಾನದಿಂದ ಓದುತ್ತೇವೆ. ಆದರೆ ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಪ್ರಸಿದ್ಧ ಇತಿಹಾಸಕಾರ ಅಲ್ ಮಕ್ರೀಝಿ 1399ರಲ್ಲಿ ಸ್ವತಃ ಕೈರೋದ ಮುಹ್ತಸಿಬ್ ಆಗಿದ್ದವರು. ಕೆಲವೇ ವರ್ಷಗಳಲ್ಲಿ ಈಜಿಪ್ಟನ್ನು ಕ್ಷಾಮ ಬಡಿದಾಗ ಅದರ ಕಾರಣಗಳನ್ನು ಹುಡುಕಿ ಅವರೊಂದು ಗ್ರಂಥ ಬರೆದರು. ನೈಲ್ ನದಿ ಕೈಕೊಟ್ಟದ್ದನ್ನು ಅವರು ಬಲ್ಲರು. ಆದರೂ ಮೂಲ ಕಾರಣವೆಂದು ಅವರು ಬೊಟ್ಟು ಮಾಡಿದ್ದು ಲಂಚಕ್ಕೆ ಹುದ್ದೆಗಳ ಮಾರಾಟವನ್ನು. ಹಣ ಕೊಟ್ಟು ಹುದ್ದೆ ಪಡೆದವನು ಆ ಹಣವನ್ನು ಜನರಿಂದಲೇ ಕೀಳುತ್ತಾನೆ, ಹಾಗೆ ಕಿತ್ತಾಗ ರೈತ ಹೊಲ ಬಿಟ್ಟು ಓಡುತ್ತಾನೆ ಎಂಬುದು ಅವರ ವಿವರಣೆಯ ಸಾರ. ನಮ್ಮ ತಾಲೂಕು ಕಚೇರಿಗಳ ಪಡಸಾಲೆಯಲ್ಲಿ ಕುಳಿತು ಬರೆದಂತಿದೆ.

ಪೊಲೀಸರ ವಿಷಯ ಸಾಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದದ್ದು ನಿಮಗೆಲ್ಲ ಗೊತ್ತು. ಒಟ್ಟು 33 ಗೇಟುಗಳ ಆ ಅಣೆಕಟ್ಟೆ 1953ರಷ್ಟು ಹಳೆಯದು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರನ್ನು ನದಿಗೆ ಬಿಡಲಾಯಿತು. ಅನುಭವಿ ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ಕಾರ್ಮಿಕರು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಅವರ ಸಾಹಸಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. 2025ರ ಮುಂಗಾರಿನಲ್ಲಿ ಗೇಟುಗಳ ದುರ್ಬಲತೆಯ ಕಾರಣ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಬೇಕಾಯಿತು.

ವಿಪರ್ಯಾಸ ನೋಡಿ. ಅಣೆಕಟ್ಟೆಗಳ ಗೇಟು ತಯಾರಿಸುವುದಕ್ಕೆಂದೇ ಅದೇ ಹೊಸಪೇಟೆಯಲ್ಲಿ 1960ರಲ್ಲಿ ಸ್ಥಾಪನೆಯಾದ ಸರಕಾರಿ ಕಂಪನಿಯಿತ್ತು: ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್. ನಷ್ಟದಲ್ಲಿದೆಯೆಂದು ಕೇಂದ್ರ ಸರಕಾರ 2015ರಲ್ಲಿ ಅದನ್ನು ಮುಚ್ಚುವ ತೀರ್ಮಾನ ಮಾಡಿತು. ಕಂಪನಿ ಇದ್ದಿದ್ದರೆ ಗೇಟು ಮುರಿಯುತ್ತಿರಲಿಲ್ಲ ಎಂದು ನಾವು ಹೇಳುತ್ತಿಲ್ಲ. ಸರಕಾರಿ ಕಂಪನಿಗಳ ಸೋಮಾರಿತನವನ್ನು ನಾವೇ ಕಂಡಿದ್ದೇವೆ. ಆದರೆ ಮುಚ್ಚುವಾಗ ಲೆಕ್ಕ ಹಾಕಿದ್ದು ನಷ್ಟದ ರೂಪಾಯಿಗಳನ್ನು ಮಾತ್ರ. ಆ ಕಾರ್ಮಿಕರ ಕೈಯಲ್ಲಿದ್ದ ಗೇಟಿನ ವಿದ್ಯೆ ಎಲ್ಲಿಗೆ ಹೋಗುತ್ತದೆ, ಮುಂದೆ ಹಳೆಯ ಸರಪಳಿಯನ್ನು ನೋಡುವವರು ಯಾರು ಎಂಬ ಲೆಕ್ಕ ಯಾವ ಕಡತದಲ್ಲಿತ್ತು? ಸೋವಿಯತ್ ನಂತರದ ಊರುಗಳಲ್ಲಿ ಫ್ಲಾಟುಗಳನ್ನು ನಿವಾಸಿಗಳಿಗೆ ಬರೆದುಕೊಟ್ಟು, ಲಿಫ್ಟು, ಬಿಸಿನೀರಿನ ಕೊಳವೆ, ಮೇಲ್ಛಾವಣಿ ಯಾರ ಹೊಣೆ ಎಂಬುದನ್ನು ಹಾಗೆಯೇ ಬಿಟ್ಟಿದ್ದರು. ಇದೂ ಅಂಥದೇ.

ನಮ್ಮ ಊರುಗಳೂ ಬದಲಾಗುತ್ತಿವೆ. ಉಕ್ರೇನಿನ ಉಜ್‌ಹೊರೊದ್ ಎಂಬ ಪಟ್ಟಣದ ಮುದುಕರು ಮನೆ ಬಿಟ್ಟು ಕದಲದೆ ಐದು ದೇಶಗಳ ಪ್ರಜೆಗಳಾಗಿದ್ದರಂತೆ. ಹರಪನಹಳ್ಳಿಯವರಿಗೆ ಇದು ಅಚ್ಚರಿಯಲ್ಲ. ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ, 371(ಜೆ) ಸೌಲಭ್ಯಕ್ಕಾಗಿ ಹೋರಾಡಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ! ಜಿಲ್ಲಾ ಕಚೇರಿ ಬದಲಾಗಿದೆ, ಬೋರ್ಡು ಬದಲಾಗಿದೆ, ಕೊಟ್ಟೂರು ತಾಲೂಕಾಗಿದೆ. ಹೆದ್ದಾರಿಯ ಬದಿಯಲ್ಲಿ ಹೋಟೆಲು, ಲಾಡ್ಜು, ಕಲ್ಯಾಣಮಂಟಪಗಳು ಏಳುತ್ತಿವೆ. ಅವುಗಳ ಮೆಟ್ಟಿಲು, ಬಾಗಿಲು, ವಯರಿಂಗ್ ನೋಡುವವರು ಹೆಚ್ಚಾಗಿದ್ದಾರೆಯೇ? 2017ರ ಫೆಬ್ರವರಿಯಲ್ಲಿ ಕೊಟ್ಟೂರೇಶ್ವರ ರಥದ ಅಚ್ಚು ಮುರಿದು ರಥವೇ ಉರುಳಿ ಜನ ಗಾಯಗೊಂಡರು. ಅಲ್ಲಿಯ ತನಕ ಅಚ್ಚಿನ ಬಗ್ಗೆ ಯಾರು ಯೋಚಿಸಿದ್ದರು?

ಮೈಲಾರದ ಜಾತ್ರೆಯನ್ನು ನೆನಪಿಸಿಕೊಳ್ಳಿ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದೊಡನೆ ಲಕ್ಷಾಂತರ ಜನ ಒಮ್ಮೆಲೇ ಮೌನವಾಗುತ್ತಾರೆ. ನಂಬಿಕೆಯ ಮಾತು ಬೇರೆ. ನಮಗೆ ಅಲ್ಲಿ ಕಾಣುವುದು ಬೇರೊಂದು ವಿಷಯ: ಯಾವ ಲಾಠಿಯಿಂದಲೂ ಸಾಧ್ಯವಾಗದ ಶಿಸ್ತು. ಹೇಳುವವನು ಯಾರ ಪಕ್ಷದವನೂ ಅಲ್ಲವೆಂಬ ಭಾವನೆಯೇ ಆ ಮೌನದ ಮೂಲ. (ಕಾರಣಿಕ ಮುಗಿದ ಮರುಕ್ಷಣವೇ ಎಲ್ಲ ಪಕ್ಷದವರೂ ಅದು ತಮ್ಮ ಪರವಾಗಿದೆ ಎಂದು ಅರ್ಥ ಹೇಳತೊಡಗುತ್ತಾರೆ, ಆ ಮಾತು ಬಿಡಿ.) ಅಂಥ ಭಾವನೆ ನಮ್ಮ ಠಾಣೆಯ ಬಗ್ಗೆ, ಪುರಸಭೆಯ ಬಗ್ಗೆ ಏಕಿಲ್ಲ?

ಅದರಲ್ಲಿ ನಮ್ಮ ಪಾಲೂ ಇದೆ. ರಶ್ಯದ 'ಸೂರಿ'ನ ಕತೆ ಕೇಳಿ ನಾವು ತಲೆಯಾಡಿಸಿದೆವು. ನಮ್ಮ ಮೊಹಲ್ಲಾಗಳಲ್ಲಿ ನಡೆಯುತ್ತಿರುವುದೇನು? ಠಾಣೆಗೆ ದೂರು ಕೊಡಲು ಒಬ್ಬ ಮುಖಂಡ ಜತೆಗಿರಬೇಕು. ರೇಶನ್ ಕಾರ್ಡಿಗೆ ಒಬ್ಬ, ಮನೆ ಮಂಜೂರಾತಿಗೆ ಇನ್ನೊಬ್ಬ. ಆ ಮುಖಂಡನ ಬೆನ್ನಿಗೆ ಒಬ್ಬ ಶಾಸಕ. ಚುನಾವಣೆ ಬಂದಾಗ ಮುಖಂಡ ಬಿಲ್ಲು ಕೊಡುತ್ತಾನೆ, ನಾವು ಮತದಲ್ಲಿ ಪಾವತಿಸುತ್ತೇವೆ. ಮಸೀದಿ ಕಮಿಟಿಗೂ ಠಾಣೆಗೂ ನಡುವೆ ಇಂಥ ದಲ್ಲಾಳಿಗಳನ್ನು ಸಾಕಿದವರು ನಾವೇ. ನಮಗೆ ನ್ಯಾಯ ಬೇಕಾಗಿರಲಿಲ್ಲ, 'ನಮ್ಮವ' ಬೇಕಾಗಿದ್ದ. 'ನಮ್ಮವ'ನಿಲ್ಲದ ದಿನ ನಮ್ಮ ಪಾಡೇನು ಎಂಬುದನ್ನು ಕಳೆದ ಕೆಲವು ವರ್ಷಗಳು ಸಾಕಷ್ಟು ತೋರಿಸಿಕೊಟ್ಟಿವೆ.

ನಮ್ಮ ಶಾದಿಮಹಲ್‌ಗಳನ್ನೇ ತೆಗೆದುಕೊಳ್ಳಿ. ಮೇಲಂತಸ್ತಿನಲ್ಲಿ ಮಹಿಳೆಯರಿಗೆ ಊಟ, ಇಳಿಯಲು ಒಂದೇ ಇಕ್ಕಟ್ಟಿನ ಮೆಟ್ಟಿಲು, ಕೆಳಗೆ ಗ್ಯಾಸ್ ಒಲೆಗಳ ಅಡುಗೆಮನೆ, ಸುತ್ತ ಬಟ್ಟೆ ಮತ್ತು ಥರ್ಮೋಕೋಲಿನ ಅಲಂಕಾರ. ಮದ್ರಸದ ಹಾಸ್ಟೆಲಿನಲ್ಲಿ ರಾತ್ರಿ ಮಕ್ಕಳನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ. ಬುಖಾರೆಸ್ಟಿನ ಆ ಕ್ಲಬ್ಬಿಗೂ ಇವುಗಳಿಗೂ ವ್ಯತ್ಯಾಸ ಎಷ್ಟು? ಪುರಸಭೆಯ ಅಧಿಕಾರಿ ಬಂದು ಪ್ರಶ್ನಿಸಿದರೆ ನಾವು ಮೊದಲು ಮಾಡುವ ಕೆಲಸ ಶಾಸಕರಿಗೆ ಫೋನ್ ಮಾಡುವುದು. ಆ ಫೋನಿಗೂ ಕೂಡ್ಲಿಗಿಗೆ ಹೋದ ಫೋನಿಗೂ ಇರುವ ಅಂತರವನ್ನು ನೀವೇ ಹೇಳಬೇಕು.

ನೋವಿ ಸಾದ್‌ನ ವಿದ್ಯಾರ್ಥಿಗಳ ಬೇಡಿಕೆ ನೆನಪಿದೆಯಲ್ಲವೇ? ಕಾಗದ ತೋರಿಸಿ ಎಂಬುದು. ನಮ್ಮಲ್ಲಿ ಅದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. 10 ರೂಪಾಯಿ ಶುಲ್ಕ, 30 ದಿನಗಳೊಳಗೆ ಉತ್ತರ. ಈ ಸಭೆಯಲ್ಲಿರುವ ಪದವೀಧರ ಯುವಕ ಯುವತಿಯರಿಗೆ ನಮ್ಮದೊಂದು ಸೂಚನೆ. ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು ಈ ಐದೂ ಊರುಗಳ ಸ್ಥಳೀಯ ಆಡಳಿತಕ್ಕೆ ತಲಾ ಒಂದು ಅರ್ಜಿ ಹಾಕಿ. ಊರಿನಲ್ಲಿ ಜನ ಸೇರುವ ಸಭಾಂಗಣಗಳೆಷ್ಟು, ಯಾವುದಕ್ಕೆ ಪರವಾನಿಗೆಯಿದೆ, ಅಗ್ನಿಶಾಮಕ ಇಲಾಖೆ ಯಾವುದನ್ನು ಯಾವಾಗ ಪರಿಶೀಲಿಸಿದೆ ಎಂದು ಕೇಳಿ. ಕಲ್ಯಾಣಮಂಟಪ, ಚಿತ್ರಮಂದಿರ, ಹಾಸ್ಟೆಲು ಎಲ್ಲವೂ ಬರಲಿ. ಪಟ್ಟಿಯ ಮೊದಲ ಹೆಸರು ನಮ್ಮ ಶಾದಿಮಹಲ್‌ದೇ ಇರಲಿ.